ಗಂಗಮಾಳವ್ವನ ಕಲ್ಲು ತಿರುಗಿದ ದಿನ

ಅಂದಾನೆಪ್ಪ ಅಜ್ಜನಿಗೆ ಎಂಬತ್ತೈದು ತುಂಬುವ ಸೋಮವಾರ ಎಲ್ಲರೂ ತಂತಮ್ಮ ಬಂಡಿಗಳನ್ನು ಕಂಬಕ್ಕೆ ಕಟ್ಟಿಹಾಕಬೇಕು, ಬಾಗಿಲು ಕಿಟಕಿಗಳಿಗೆ ಹಗ್ಗ ಬಿಗಿಯಬೇಕು, ಬಾವಿಯ ಕೊಡಗಳನ್ನು ರಾಟೆಯಿಂದ ಬಿಚ್ಚಿ ಮನೆಯೊಳಗೆ ಇಟ್ಟುಕೊಳ್ಳಬೇಕು ಎಂದು ವಾರದಿಂದ ಮೈಕಿನಲ್ಲಿ ಸಾರುತ್ತಿದ್ದರು. ಅಜ್ಜ ಕಟ್ಟಿದ ಪದಗಳಲ್ಲಿ ನಲವತ್ತೆರಡನ್ನು ಆರಿಸಿ, ಮಠದ ಮುಂದಿನ ಬಯಲಲ್ಲಿ ಒಂದಾದ ಮೇಲೊಂದು ಹಾಡುವುದೆಂದು ಗೊತ್ತಾಗಿತ್ತು. ಅಷ್ಟನ್ನೂ ಒಂದೇ ದಿನ ಹಾಡಿದರೆ ಊರಲ್ಲಿ ಏನೇನು ಅಲುಗೀತು, ಯಾರ ಬಂಡಿ ಯಾರ ಅಂಗಳಕ್ಕೆ ನುಗ್ಗೀತು ಎಂಬುದು ಯಾರಿಗೂ ತಿಳಿಯದು. ನನಗಂತೂ ಆ ವಾರ ಊಟ ಸೇರಲಿಲ್ಲ. ಪೂಜೆಗೆ ಕೂತರೆ ಮನಸ್ಸು ಬಯಲಿನ ಚಪ್ಪರದ ಕಡೆಗೇ ಓಡುತ್ತಿತ್ತು.

ನಮ್ಮೂರಿನಲ್ಲಿ ತಿರುಗುವುದಾಗಲಿ ತೆರೆಯುವುದಾಗಲಿ ಅದರದರ ಪದ ಹಾಡದೆ ಅಲುಗುವುದಿಲ್ಲ. ರಾಟೆಗೆ ರಾಟೆಯ ಪದ, ಗಾಲಿಗೆ ಗಾಲಿಯ ಪದ. ತೊಟ್ಟಿಲಿಗೆ, ಗಾಣಕ್ಕೆ, ಕುಂಬಾರನ ತಿಗರಿಗೆ, ಬಾಗಿಲಿಗೆ ಬೇರೆ ಬೇರೆ. ಬೀಸುವ ಕಲ್ಲುಗಳದ್ದು ಇನ್ನೂ ಬಿಗಿ. ಒಂದು ಮನೆಯ ಕಲ್ಲು ಇನ್ನೊಂದು ಮನೆಯ ಪದಕ್ಕೆ ಒಲಿಯದು. ಈಗ ಊರಲ್ಲಿ ನಡೆಯುವ ಪದಗಳಲ್ಲಿ ಮುಕ್ಕಾಲು ಪಾಲು ಅಂದಾನೆಪ್ಪ ಅಜ್ಜನವು. ಹೊಸ ಬಂಡಿ ಮಾಡಿಸಿದವರು ಅವರ ಹತ್ತಿರ ಹೋಗುತ್ತಾರೆ. ಅಜ್ಜ ಬಂದು ಬಂಡಿಯ ಪಕ್ಕ ಒಂದು ಹಗಲು ಸುಮ್ಮನೆ ಕೂರುತ್ತಾರೆ, ಗಾಲಿಗೆ ಕಿವಿ ಹಚ್ಚುತ್ತಾರೆ. ಸಂಜೆಗೆ ಪದ ಕಟ್ಟಿ, ಬಂಡಿಯವನ ಕಿವಿಯಲ್ಲಿ ಮೂರು ಸಲ ಹೇಳುತ್ತಾರೆ. ಮೂರನೆಯ ಸಲ ಹೇಳಿದ ಮೇಲೆ ಆ ಪದ ಅವರ ಬಾಯಲ್ಲಿ ಉಳಿಯುವುದಿಲ್ಲ. ಬರೆದಿಡುವ ಅಭ್ಯಾಸವೂ ಅವರಿಗಿಲ್ಲ.

ನನಗೆ ಹಾಡು ಬಾರದು. ಶ್ರುತಿ ನನ್ನ ಗಂಟಲಿಗೆ ಹತ್ತುವುದೇ ಇಲ್ಲ. ನಮ್ಮಪ್ಪ ಮಠದಲ್ಲಿ ಪುರಾಣ ಓದುತ್ತಿದ್ದರು. ತಾಯಿ ಇಲ್ಲದ ನಾನು ಅವರ ಷಟ್ಪದಿ ಕೇಳುತ್ತಲೇ ಬೆಳೆದೆ. ಪದ್ಯ ಎಲ್ಲಿ ಏರಬೇಕು, ಎಲ್ಲಿ ಉಸಿರು ನಿಲ್ಲಬೇಕು ಎಂದು ನನಗೆ ಅಕ್ಷರಕ್ಕಿಂತ ಮೊದಲು ಗೊತ್ತಾಯಿತು. ಆದರೆ ಓದಿದ ಪದ್ಯಕ್ಕೆ ನಮ್ಮೂರಲ್ಲಿ ಏನೂ ಅಲುಗುವುದಿಲ್ಲ. “ಇದು ದೇವರನ್ನ ಅಲುಗಿಸಾಕ ಮಗಳ, ಅಗಳಿ ಅಲುಗಿಸಾಕಲ್ಲ,” ಎನ್ನುತ್ತಿದ್ದರು ಅಪ್ಪ. ಹಾಗಾಗಿ ಅಪ್ಪ ಮಗಳು ಇಬ್ಬರೂ ನಮ್ಮ ಮನೆಯ ಬಾಗಿಲ ಮುಂದೆ ನಿಂತು, ಹಾಡು ಬಲ್ಲವರು ಯಾರಾದರೂ ದಾರಿಯಲ್ಲಿ ಬಂದಾರೆಯೇ ಎಂದು ಕಾಯುತ್ತಿದ್ದೆವು. ಅಪ್ಪ ಹೋದ ಮೇಲೆ ಆ ಕೆಲಸ ಪಕ್ಕದ ಮನೆಯ ಫಕೀರವ್ವನ ಪಾಲಿಗೆ ಬಂತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆಕೆ ಬಂದು ನನ್ನ ಬಾಗಿಲಿಗೆ ಹಾಡುತ್ತಾಳೆ. ಒಮ್ಮೊಮ್ಮೆ ಬಾಗಿಲು ತಡಮಾಡಿದರೆ, “ದಾಕ್ಷಾಯಣಕ್ಕ, ನಿನ್ನ ಪುರಾಣ ಕೇಳಿ ಕೇಳಿ ಇದಕ್ಕೂ ವೈರಾಗ್ಯ ಬಂದೈತಿ ನೋಡು,” ಎನ್ನುತ್ತಾಳೆ.

ಹಾಡಲು ಬಾರದವಳು ಕೇಳುವುದನ್ನಾದರೂ ಚೆನ್ನಾಗಿ ಕೇಳಬೇಕಲ್ಲ. ಐವತ್ತು ವರ್ಷದಲ್ಲಿ ಈ ಊರಿನ ಯಾವ ಪದವೂ ನನ್ನ ಕಿವಿ ತಪ್ಪಿಸಿಕೊಂಡಿಲ್ಲ. ಆದ್ದರಿಂದಲೇ, ಸಮಾರಂಭಕ್ಕೆ ಪದಗಳನ್ನು ಕೂಡಿಸಬೇಕಾದಾಗ ಹಾರ್ಮೋನಿಯಂ ಪೇಟಿ ನುಡಿಸುವ ಸೋಮಲಿಂಗ ಮಾಸ್ತರರು ನೇರವಾಗಿ ನನ್ನ ಕಟ್ಟೆಗೆ ಬಂದು ಕೂತರು. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಬಾಯಿಂದ ಊರಿಗೆ ಏನೋ ಸಿಗುತ್ತಿತ್ತು. ನನ್ನ ಕೈಬೆರಳೆಲ್ಲ ಬೆಚ್ಚಗಾಗಿದ್ದವು.

ನಲವತ್ತೊಂದು ಪದ ಆದ ಮೇಲೆ ಮಾಸ್ತರರು, ಫಕೀರವ್ವ, ನಾನು ಎಲ್ಲರೂ ಕೂಡಿ ಅಜ್ಜನ ಮನೆಗೆ ಹೋದೆವು. ಶಾಲು ಹೊದಿಸುತ್ತೇವೆ, ಬೆಳ್ಳಿಯ ತಂಬೂರಿ ಮಾಡಿಸಿದ್ದೇವೆ ಎಂದು ಮಾಸ್ತರರು ಹೇಳುತ್ತಿದ್ದರೆ ಅಜ್ಜ ನಗುತ್ತಾ ಕೇಳಿಸಿಕೊಂಡರು. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಬಿಳಿ ವಸ್ತ್ರ ಮುಚ್ಚಿಟ್ಟಿದ್ದ ಬೀಸುವ ಕಲ್ಲನ್ನು ತೋರಿಸಿದರು.

“ಶಾಲು ಹೊದ್ದುಕೊಂಡು ನಾ ಎಲ್ಲಿ ಹೋಗ್ಲಿ ಮಾಸ್ತರ? ಆ ಕಲ್ಲೊಂದು ತಿರುಗಿಸ್ರಿ. ಒಂದ ಸುತ್ತು ಸಾಕು. ಅದನ್ನ ನೋಡಿ ಹೋಗಬೇಕಂತ ಜೀವ ಹಿಡ್ಕೊಂಡು ಕೂತೀನಿ.”

“ಪದ ಹೇಳ್ರಿ ಅಜ್ಜಾರ, ಈಗಿಂದೀಗ ತಿರುಗಿಸೋಣು,” ಅಂದರು ಮಾಸ್ತರರು.

“ಪದ ನಾನ ಕಟ್ಟಿದ್ದು ಖರೆ. ಮನಿಯಾಕಿಗೆ ಕೊಟ್ಟ ಮ್ಯಾಲ ಅದು ಆಕೀದಾತು. ಧಾಟಿನೂ ಆಕೀನ ಹಾಕ್ಕೊಂಡ್ಲು. ನನ್ನ ಹಂತ್ಯಾಕ ಏನ ಉಳಿತು?”

ಆ ಕಲ್ಲು ಅವರ ಹೆಂಡತಿ ಗಂಗಮಾಳವ್ವನದು. ಮೂವತ್ತೊಂದು ವರ್ಷದಿಂದ ಅದು ನಿಂತಿತ್ತು. ಅಜ್ಜ ದುಃಖಕ್ಕೆ ಬೇಕೆಂದೇ ನಿಲ್ಲಿಸಿದ್ದಾರೆ ಎಂದು ನಾನು ತಿಳಿದಿದ್ದೆ. ಪದ ಮರೆತು ನಿಂತಿದೆ ಎಂದು ಗೊತ್ತಿದ್ದರೆ ಅಂದೇ ಹೇಳುತ್ತಿದ್ದೆ. ಏಕೆಂದರೆ ಅದು ನನಗೆ ಬರುತ್ತಿತ್ತು. ನಮ್ಮ ಮನೆಯ ಕಲ್ಲು ತಿರುಗಿಸುವವರಿಲ್ಲದೆ ನಾನು ದಿನಾ ಬೆಳಿಗ್ಗೆ ಮೊರದಲ್ಲಿ ಜೋಳ ಒಯ್ದು ಗಂಗಮಾಳವ್ವನ ಮುಂದೆ ಕೂರುತ್ತಿದ್ದೆ. ಆಕೆ ತಮ್ಮ ಮನೆಯದರ ಜೊತೆ ನಮ್ಮದನ್ನೂ ಬೀಸಿಕೊಡುತ್ತಿದ್ದಳು. ಕೊನೆಯ ದಿನವೂ ನಾನು ಅಲ್ಲೇ ಇದ್ದೆ. ನನಗಾಗ ಹತ್ತೊಂಬತ್ತು. ನಮ್ಮ ಮೊರದಿಂದ ಒಂದು ಹಿಡಿ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಿದವಳು ಗೂಟದ ಮೇಲಿನ ಕೈ ಎತ್ತಿ ಎದೆ ಹಿಡಿದುಕೊಂಡಳು. “ಸ್ವಲ್ಪ ತಡಿ ಮಗಳ,” ಅಂದಳು. ಅಷ್ಟೇ.

“ಅಜ್ಜಾರ, ಪದ ನನಗ ಬರತೈತಿ,” ಅಂದೆ.

ಫಕೀರವ್ವ ನನ್ನ ತೋಳು ಹಿಡಿದಳು. “ಧಾಟಿ ನನ್ನ ಹಂತ್ಯಾಕ ಐತಿ. ದಿನಾ ನಿಮ್ಮ ಮನಿ ಗ್ವಾಡಿ ಆಚೆ ನಿಂತು ಕೇಳೇನಿ. ಮಾತು ತಿಳೀತಿರಲಿಲ್ಲ, ಧಾಟಿ ಮಾತ್ರ ಕಿವಿಯಾಗ ಕೂತೈತಿ.” ಅಜ್ಜ ನಮ್ಮಿಬ್ಬರನ್ನೂ ನೋಡಿದರು. ಎಂಬತ್ತೈದು ವರ್ಷದ ಮುಖ ಒಮ್ಮೆಲೇ ಮದುಮಗನ ಮುಖವಾಯಿತು. “ಈಗ ಬ್ಯಾಡ,” ಅಂದರು, “ಸೋಮವಾರ ಎಲ್ಲಾರ ಮುಂದ ಆಗ್ಲಿ. ಆಕೀಗೂ ಒಂದು ಮೆರವಣಿಗಿ ಆಗ್ಲಿ.”

ಅಂದು ಸಂಜೆ ನಾನು ಮಾಸ್ತರರಿಗೆ ಆ ಪದ ಹೇಳಿಕೊಟ್ಟೆ.

ನಿನ್ನ ಬಾಯಾಗ ಹಿಡಿಜೋಳ ಇಟ್ಟೇನಿ, ನನ್ನ ಬಾಯಾಗ ಒಂದು ಹೆಸರ ಇಟ್ಟೇನಿ, ಯಾವುದು ಮೊದಲ ಸಣ್ಣಾಗತೈತಿ ಹೇಳ ಕಲ್ಲವ್ವ.

ಹೇಳುವಾಗ ಒಂದು ಕಡೆ ತಡೆದೆ. ಗಂಗಮಾಳವ್ವ ‘ನನ್ನ ಬಾಯಾಗ ಒಂದು’ ಎನ್ನುವವರೆಗೆ ಹಾಡಿ, ಅಲ್ಲಿ ನಿಲ್ಲುತ್ತಿದ್ದಳು. ಆಮೇಲೆ ‘ಹೆಸರ ಇಟ್ಟೇನಿ’ ಎಂದು ಮುಂದುವರಿಯುತ್ತಿದ್ದಳು. ಸಾಲು ಮುರಿಯುವ ಜಾಗ ಅದಲ್ಲ. ನಮ್ಮಪ್ಪನ ಮಗಳಾಗಿ ಅದು ನನಗೆ ಯಾವತ್ತೂ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ಊರಿನ ಮುಂದೆ, ಅಜ್ಜನ ಹಬ್ಬದ ದಿನ, ಅವರ ಪದ ಕುಂಟಬಾರದು ಅನ್ನಿಸಿತು. ಹಾಗಾಗಿ ಭಕ್ತಿಯಿಂದಲೇ ಆ ನಿಲುಗಡೆಯನ್ನು ತೆಗೆದು ಸಾಲನ್ನು ನೆಟ್ಟಗೆ ಹೇಳಿಕೊಟ್ಟೆ. “ಛಲೋ ಮಾಡಿದ್ರಿ ಅಕ್ಕಾರ,” ಅಂದರು ಮಾಸ್ತರರು. “ಉಳಿದ ಪದದಾಗೂ ನಡುನಡುವೆ ಹಿಂಗ ನಿಲ್ಲೂದೈತಿ. ಸಭಾದಾಗ ನಿಂತ್ರ ಹಾಡವರು ಮರತಾರ ಅಂತಾರ ಮಂದಿ. ಪೇಟಿ ತುಂಬಿಸಿ ಎಲ್ಲಾ ಸರಾಗ ಮಾಡೀನಿ.”

ಸೋಮವಾರ ಬೆಳಿಗ್ಗೆ ಊರಿಗೆ ಊರೇ ಬಯಲಿಗೆ ಬಂತು. ಬಂಡಿಗಳೆಲ್ಲ ಕಂಬಕ್ಕೆ ಕಟ್ಟಿದ್ದವು. ಸಾಲದೆಂದು ಗಾಲಿಗಳ ಹಿಂದೆ ಮುಂದೆ ಕಲ್ಲು ಒಡ್ಡಿದ್ದರು. ಕುಂಬಾರರು ತಿಗರಿಯ ಮೇಲೆ ಇಬ್ಬರು ದಪ್ಪ ಗಂಡಸರನ್ನು ಕೂರಿಸಿ ಬಂದಿದ್ದರು. ಯಾರೋ ತಮ್ಮ ಮನೆಯ ತೊಟ್ಟಿಲನ್ನು ತಲೆಯ ಮೇಲೆ ಹೊತ್ತುಕೊಂಡೇ ಬಂದಿದ್ದರು, ಕಣ್ಣೆದುರಿಗೇ ತೂಗಿದರೆ ನೋಡೋಣವೆಂದು. ಗಂಗಮಾಳವ್ವನ ಕಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿ, ಎಂಟು ಜನ ಹೊತ್ತು, ಡೊಳ್ಳು ಬಡಿಯುತ್ತಾ ತಂದರು. ಎಂಟು ಜನರ ಭುಜದ ಮೇಲೆ ಹೊಯ್ದಾಡಿದರೂ ಮೇಲಿನ ಕಲ್ಲು ಕೆಳಗಿನ ಕಲ್ಲಿನಿಂದ ಕೂದಲೆಳೆಯಷ್ಟೂ ಸರಿಯಲಿಲ್ಲ. ಅದನ್ನು ವೇದಿಕೆಯ ನಡುವೆ ಇಟ್ಟು, ಪಕ್ಕದಲ್ಲಿ ಅಲಂಕಾರಕ್ಕೆಂದು ಒಂದು ಮೊರ ಜೋಳ ಇಟ್ಟರು. ಅಜ್ಜ ತಲೆಗೆ ಹೊಸ ಪಟಗ ಸುತ್ತಿಕೊಂಡು ಕಲ್ಲಿನ ಪಕ್ಕ ಚಾಪೆಯ ಮೇಲೆ ಕೂತರು. ಕುರ್ಚಿ ಬೇಡವೆಂದರು. ನಾನು ಹೆಂಗಸರ ಮೊದಲ ಸಾಲಿನಲ್ಲಿ, ಅಪ್ಪನ ರುದ್ರಾಕ್ಷಿ ಕೈಯಲ್ಲಿ ಹಿಡಿದು ಕೂತೆ.

ಮೊದಲು ರಾಟೆಯ ಪದ. ಪೇಟಿ, ತಬಲಾ, ಹನ್ನೆರಡು ಜನರ ಮೇಳ, ಮುಂದೆ ಫಕೀರವ್ವ. ಹಾಡು ಎದ್ದ ಕೂಡಲೇ ಮೈಮೇಲೆ ಮುಳ್ಳೆದ್ದವು. ಎಲ್ಲರೂ ಕತ್ತು ತಿರುಗಿಸಿ ಬಯಲಂಚಿನ ಬಾವಿಯ ರಾಟೆಯನ್ನು ನೋಡಿದರು. ಪದ ಮುಗಿಯಿತು. ರಾಟೆ ಅಲುಗಲಿಲ್ಲ. ಹಗ್ಗ ಬಿಗಿ ಇದ್ದೀತು ಎಂದುಕೊಂಡೆವು. ಬಂಡಿಯ ಪದ ಹಾಡಿದರು. ಬಂಡಿ ಕಿರ್ರೆನ್ನಲಿಲ್ಲ. ತೊಟ್ಟಿಲ ಪದಕ್ಕೆ, ಹೊತ್ತು ತಂದಿದ್ದ ತೊಟ್ಟಿಲು ಸುಮ್ಮನೇ ನಿಂತಿತ್ತು. ಮೊದಮೊದಲು ಜನ ನಕ್ಕರು. ಹಗ್ಗ ಕಟ್ಟಿದ್ದು ದಂಡವಾಯಿತು ಎಂದರು. ಇಪ್ಪತ್ತನೆಯ ಪದದ ಹೊತ್ತಿಗೆ ನಗುವವರಿರಲಿಲ್ಲ. ನನ್ನ ಹಿಂದೆ ಒಬ್ಬ ಮುದುಕಿ, “ಹಳೇವಾದ್ವು ಬಿಡು. ಪದಕ್ಕೂ ವಯಸ್ಸಾಗತೈತಿ,” ಅಂದಳು. ಆ ಮಾತು ಸಾಲಿನಿಂದ ಸಾಲಿಗೆ ಹರಿದದ್ದು ನನಗೆ ಕೇಳಿಸಿತು. ಹಿರಿಯರ ಹಬ್ಬವೆಂದು ಕರೆದು, ಅವರ ಜೀವಮಾನದ ಕೆಲಸ ಮುಗಿಯಿತೆಂದು ಊರಿನ ಮುಂದೆ ತೋರಿಸಿದ ಹಾಗಾಗುತ್ತಿತ್ತು. ಅಜ್ಜ ಮಾತ್ರ ಕಲ್ಲಿನ ಗೂಟದ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ, ತಮ್ಮ ಸರದಿಗೆ ಕಾಯುತ್ತಿದ್ದರು.

ಕೊನೆಗೆ ನಲವತ್ತೆರಡನೆಯದು ಬಂತು. ಫಕೀರವ್ವ ಗಂಗಮಾಳವ್ವನ ಧಾಟಿ ಎತ್ತಿದಳು. ಮೂವತ್ತೊಂದು ವರ್ಷದ ಮೇಲೆ ಆ ಧಾಟಿ ಕಿವಿಗೆ ಬಿದ್ದಾಗ ನಾನು ಮತ್ತೆ ಹತ್ತೊಂಬತ್ತರವಳಾಗಿ, ಮೊರ ತೊಡೆಯ ಮೇಲಿಟ್ಟುಕೊಂಡು ಆ ಪಡಸಾಲೆಯಲ್ಲಿದ್ದೆ. ‘ನನ್ನ ಬಾಯಾಗ ಒಂದು’ ಎಂದಾಗ ನನ್ನ ಉಸಿರು ತಾನಾಗಿ ನಿಂತಿತು. ಹಾಡು ನಿಲ್ಲಲಿಲ್ಲ. ಮೆಟ್ಟಿಲಿದೆ ಎಂದು ಕಾಲಿಟ್ಟ ಕಡೆ ಮೆಟ್ಟಿಲು ಇಲ್ಲದ ಹಾಗೆ ಎದೆ ಧಸಕ್ಕೆಂದಿತು. ಅಜ್ಜ ಗೂಟ ಎಳೆದರು. ಕಲ್ಲು ಅಲುಗಲಿಲ್ಲ. ಫಕೀರವ್ವ ಇನ್ನೊಮ್ಮೆ ಹಾಡಿದಳು, ಮೂರನೆಯ ಸಲ ಹಾಡಿದಳು. ಮೂರು ಸಲವೂ ಅದೇ ಜಾಗದಲ್ಲಿ ನನ್ನ ಉಸಿರು ಕಟ್ಟಿತು, ಹಾಡು ಅದನ್ನು ತುಳಿದುಕೊಂಡು ಮುಂದೆ ಹೋಯಿತು. ಅಜ್ಜ ಗೂಟದಿಂದ ಕೈ ತೆಗೆದರು.

“ಇರ್ಲಿ ಬಿಡ್ರಿ,” ಅಂದರು ಅವರು. “ಛಲೋ ಹಾಡಿದ್ರಿ. ಕಲ್ಲಿಗೆ ಮನಸ್ಸಿಲ್ಲ.”

ಆಗ ನನ್ನ ಕಣ್ಣು ಮೊರದ ಮೇಲೆ ಬಿತ್ತು. ಅಷ್ಟು ಜೋಳ ತುಂಬಿದೆ, ಒಂದು ಕಾಳೂ ಕದಲಿಲ್ಲ.

ನಾನು ಎದ್ದು ನಿಂತೆ. ಸಭೆಯಲ್ಲಿ ನಾನು ಎದ್ದು ನಿಂತದ್ದು ಅದೇ ಮೊದಲು. “ಮಾಸ್ತರ, ತಪ್ಪು ನಂದು,” ಅಂದೆ.

“ಅಕ್ಕಾರ, ಸಭಾ ನಡದೈತಿ,” ಅಂದರು ಮಾಸ್ತರರು.

“ನಡದಿಲ್ಲ, ನಿಂತೈತಿ,” ಅಂದಳು ವೇದಿಕೆಯ ಮೇಲಿಂದ ಫಕೀರವ್ವ. “ಮ್ಯಾಲ ಬಾ ದಾಕ್ಷಾಯಣಕ್ಕ. ಹೇಳೂದು ಹೇಳು.”

ಮೇಲೆ ಹೋಗಿ ಅಜ್ಜನ ಮುಂದೆ ಕೂತೆ, ಹಿಂದೆ ಗಂಗಮಾಳವ್ವನ ಮುಂದೆ ಕೂರುತ್ತಿದ್ದ ಹಾಗೆಯೇ. “ಅಜ್ಜಾರ, ದೊಡ್ಡವ್ವ ಒಂದು ಕಡೆ ನಿಲ್ಲತಿದ್ರು. ಅದು ಪದ್ಯಕ್ಕ ಒಪ್ಪೂದಿಲ್ಲಂತ ನಾ ತಗದೆ. ಅವ್ರು ಅಲ್ಲಿ ಸುಮ್ಮ ನಿಲ್ಲತಿರಲಿಲ್ಲ. ಅಲ್ಲಿ ಒಂದು ಹಿಡಿ ಜೋಳ ಹಾಕತಿದ್ರು.” ಮಾಸ್ತರರ ಕಡೆ ತಿರುಗಿದೆ. “ರಾಟೆ ಪದದಾಗ ನಿಲ್ಲೂದು ಹಗ್ಗ ಕೈ ಬದಲಿ ಮಾಡಾಕ. ಗಾಲಿ ಪದದಾಗ ನಿಲ್ಲೂದು ಎತ್ತಿನ ಹೆಗಲ ಸರಿ ಮಾಡಾಕ. ಎಲ್ಲಾ ಕಡೆ ಕೈ ಕೆಲಸ ಮಾಡೂ ಹೊತ್ತಿಗೆ ಬಾಯಿ ಸುಮ್ಮನಿರತೈತಿ. ನಾವು ಆ ಹೊತ್ತನ್ನ ಪೇಟಿಯಿಂದ ತುಂಬಿಬಿಟ್ಟೇವಿ.”

ಮಾಸ್ತರರು ಸಿಟ್ಟಾಗುತ್ತಾರೆಂದು ತಿಳಿದೆ. ಅವರು ಪೇಟಿಯ ಗಾಳಿ ಬಿಟ್ಟು, ಮುಚ್ಚಳ ಮುಚ್ಚಿ, ಅದನ್ನು ಪಕ್ಕಕ್ಕೆ ಸರಿಸಿದರು. “ನೀವು ಕೈ ಎತ್ತಿ ತೋರಿಸ್ರಿ ಅಕ್ಕಾರ. ಎಲ್ಲಿ ನಿಲ್ಲಬೇಕಂತ.”

ಅಜ್ಜ ಆಗಲೇ ಮೊರದಿಂದ ಒಂದು ಹಿಡಿ ಜೋಳ ತೆಗೆದು ಮುಷ್ಟಿ ಕಟ್ಟಿದ್ದರು. ಬಲಗೈ ಗೂಟದ ಮೇಲಿತ್ತು. ಫಕೀರವ್ವ ಬರಿಗಂಟಲಲ್ಲಿ ಎತ್ತಿಕೊಂಡಳು. ನಿನ್ನ ಬಾಯಾಗ ಹಿಡಿಜೋಳ ಇಟ್ಟೇನಿ, ನನ್ನ ಬಾಯಾಗ ಒಂದು. ನಾನು ಕೈ ಎತ್ತಿದೆ. ಹಾಡು ನಿಂತಿತು. ಊರೇ ನಿಂತಿತು. ಅಷ್ಟು ಸಾವಿರ ಜನರ ನಡುವೆ ಅಜ್ಜನ ಬೆರಳ ಸಂದಿಯಿಂದ ಕಲ್ಲಿನ ಬಾಯಿಗೆ ಬೀಳುವ ಕಾಳಿನ ಸದ್ದು ಒಂದೊಂದಾಗಿ ಕೇಳಿಸಿತು. ಕೈ ಇಳಿಸಿದೆ. ‘ಹೆಸರ ಇಟ್ಟೇನಿ’ ಅಂದಳು ಫಕೀರವ್ವ. ಕಲ್ಲಿನೊಳಗಿಂದ, ನಿದ್ದೆಯಿಂದ ಏಳುವವರು ಮುಲುಗಿದ ಹಾಗೆ ಒಂದು ದನಿ ಬಂತು. ಗೂಟ ಅಜ್ಜನ ಕೈಯನ್ನು ಎಳೆದುಕೊಂಡೇ ಸುತ್ತಿತು.

ಒಂದು ಸುತ್ತು. ಇನ್ನೊಂದು ಸುತ್ತು. ಕಲ್ಲಿನ ಅಂಚಿನಿಂದ ಹಿಟ್ಟು ಇಳಿಯಿತು. ಮೊದಲು ಬಂದದ್ದು ಬಿಳಿಯ ಹಿಟ್ಟಲ್ಲ. ಬೂದಿಯಂಥ, ನುಣ್ಣನೆಯ, ಒಂದು ಹಿಡಿಗಿಂತ ಹೆಚ್ಚಿಲ್ಲದ ಹುಡಿ. ಅದರ ಹಿಂದೆ ಹೊಸ ಜೋಳದ ಹಿಟ್ಟು ಬೆಳ್ಳಗೆ ಸುರಿಯತೊಡಗಿತು. ಅಜ್ಜ ಬಗ್ಗಿ ಆ ಬೂದುಬಣ್ಣದ ಹುಡಿಯನ್ನು ನೋಡಿದರು, ನನ್ನನ್ನು ನೋಡಿದರು.

“ಇದು ಆಕಿ ಹಾಕಿದ್ದು.”

“ಹೌದ್ರಿ ಅಜ್ಜಾರ. ನಮ್ಮ ಮೊರದ ಜೋಳ. ಅವತ್ತಿಂದು.”

ಅವರು ಅದನ್ನು ಮೂರು ಬೆರಳಲ್ಲಿ ಮುಟ್ಟಿ, ವಿಭೂತಿಯ ಹಾಗೆ ಹಣೆಗೆ ಹಚ್ಚಿಕೊಂಡರು. ಮತ್ತೊಮ್ಮೆ ಮುಟ್ಟಿ ನನ್ನ ಹಣೆಗೂ ಹಚ್ಚಿದರು. ಮಠದಲ್ಲಿ ಎಷ್ಟೋ ಸಲ ವಿಭೂತಿ ಇಟ್ಟುಕೊಂಡಿದ್ದೇನೆ. ಅಂಥ ತಂಪು ಎಂದೂ ತಿಳಿದಿರಲಿಲ್ಲ.

ಆಮೇಲೆ ನಡೆದದ್ದನ್ನು ಸಾಲಾಗಿ ಹೇಳಲು ನನ್ನಿಂದಾಗದು. ಜನ ಮಾಸ್ತರರನ್ನು ಬಿಡಲಿಲ್ಲ; ಮೊದಲಿನಿಂದ ಎಲ್ಲ ಪದ ಮತ್ತೆ ಹಾಡಿರಿ ಎಂದು ಹಟ ಹಿಡಿದರು. ನಾನು ಮೇಳದ ಮುಂದೆ ನಿಂತು ಕೈ ಎತ್ತಿ ಇಳಿಸುತ್ತಾ ಹೋದೆ. ರಾಟೆಯ ಪದಕ್ಕೆ ಊರಿನ ಎಲ್ಲ ಬಾವಿಗಳ ರಾಟೆಗಳು ಬರಿಹಗ್ಗ ಸೇದಿ ಗುಂಯ್‌ಗುಟ್ಟಿದವು. ಗಾಲಿಯ ಪದಕ್ಕೆ ಬಂಡಿಗಳು ಒಡ್ಡಿದ ಕಲ್ಲು ಹಾರಿ, ಹಗ್ಗ ಹರಿದು, ಬಯಲಿನ ಸುತ್ತ ಎತ್ತಿಲ್ಲದೆ ಒಂದು ಸುತ್ತು ಹೊಡೆದವು. ತಿಗರಿಯ ಮೇಲೆ ಕೂರಿಸಿದ್ದ ಇಬ್ಬರು ಗಂಡಸರು ತಲೆ ತಿರುಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ಬಯಲಿಗೆ ಬಂದರು. “ನಾವೂ ಒಂದು ಗಡಿಗಿ ಆಗೇ ಬಂದ್ವಿ ನೋಡ್ರಿ,” ಅಂದ ಒಬ್ಬ. ಬಾಗಿಲ ಪದಕ್ಕೆ ಓಣಿ ಓಣಿಯಲ್ಲೂ ಹಗ್ಗ ಕಿತ್ತು ಬಾಗಿಲುಗಳು ತೆರೆದುಕೊಳ್ಳುವ ಸದ್ದು ಚಪ್ಪಾಳೆಯ ಹಾಗೆ ಕೇಳಿಸಿತು. “ನಿಂದೂ ತೆರೀತಿರಬೇಕು ದಾಕ್ಷಾಯಣಕ್ಕ,” ಅಂದಳು ಫಕೀರವ್ವ ಉಸಿರು ಬಿಡುವ ಸಂದಿನಲ್ಲಿ, “ಇವತ್ತ ನನಗ ಸೂಟಿ.”

ಹೊತ್ತು ಇಳಿಯುವಾಗ ಜನ ತಮ್ಮ ಬಂಡಿ ಹುಡುಕಿಕೊಂಡು ಹೋದರು. ಬಯಲಲ್ಲಿ ಅಜ್ಜ, ಕಲ್ಲು, ನಾನು ಉಳಿದೆವು. ಕಲ್ಲನ್ನು ಹೊರಲು ಎಂಟು ಜನ ಬರಬೇಕಿತ್ತು. ಅಜ್ಜ ಬೆಳಗಿನಿಂದ ಕೂತ ಜಾಗದಲ್ಲೇ ಇದ್ದರು. ಪಟಗದ ತುಂಬ ಹಿಟ್ಟು.

“ದಾಕ್ಷಾಯಣಿ, ನೀ ದಿನಾ ನೋಡೀದಿ,” ಅಂದರು. “ಆ ನಿಲ್ಲೂ ಹೊತ್ತಿನ್ಯಾಗ ಆಕಿ ಬರೇ ಕಾಳು ಹಾಕತಿದ್ಲೇನು?”

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಭೆಯಲ್ಲಿ ಹೇಳುವ ಮಾತೂ ಅಲ್ಲ.

“ತುಟಿ ಅಲುಗಿಸ್ತಿದ್ರು ಅಜ್ಜಾರ. ದನಿ ಇರತಿರಲಿಲ್ಲ. ನಿಮ್ಮ ಹೆಸರು.”

ಗಂಗಮಾಳವ್ವ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ಊರಲ್ಲಿ ಯಾರೂ ಕೇಳಿಲ್ಲ. ಅಂದಿನ ಹೆಂಗಸರು ಹೇಳುತ್ತಿರಲಿಲ್ಲ. ಗಂಡಸರೂ ಹೆಂಡತಿಯನ್ನು ಹೆಸರು ಹಿಡಿದು ಕೂಗುತ್ತಿರಲಿಲ್ಲ. ಅಜ್ಜ ಕಲ್ಲಿನ ಮೇಲೆ ಕೈ ಆಡಿಸಿದರು. ಆಮೇಲೆ ನನ್ನ ಕಡೆ ಕಿವಿ ಒಡ್ಡಿದರು.

“ಹೇಳಿಕೊಡು. ಮೂರು ಸಲ.”

ಹಾಡಲು ಬಾರದ ನಾನು ಆ ಪದವನ್ನು ಅಪ್ಪನ ಪುರಾಣದ ದನಿಯಲ್ಲಿ ಅವರ ಕಿವಿಯಲ್ಲಿ ಮೂರು ಸಲ ಹೇಳಿದೆ, ನಿಲ್ಲುವಲ್ಲಿ ನಿಂತು. ಅಜ್ಜ ಮೊರದಲ್ಲಿ ಉಳಿದಿದ್ದ ಜೋಳವನ್ನು ಬಳಿದು ಒಂದು ಹಿಡಿ ಮಾಡಿಕೊಂಡರು. ಗೂಟ ಹಿಡಿದು, ಒಡೆದ ದನಿಯಲ್ಲಿ ಹಾಡಿದರು. ‘ನನ್ನ ಬಾಯಾಗ ಒಂದು’ ಎಂದು ನಿಲ್ಲಿಸಿ, ಕಾಳು ಹಾಕಿದರು. ಅವರ ತುಟಿ ಅಲುಗಿತು. ಏನೆಂದರೆಂದು ಅಷ್ಟು ಹತ್ತಿರ ಕೂತ ನನಗೂ ಕೇಳಿಸಲಿಲ್ಲ. ಕಲ್ಲಿಗೆ ಕೇಳಿಸಿತು.